ಕತ್ಲಾದ್ರೆ ಹಿಂದಕ್ಕೆ ಬನ್ನಿ: ಬ್ಯಾಟಲ್ ಫಾರ್ ವೆಸ್ನಾತ್ ಬಗ್ಗೆ ಆಡಿದ ಮಾತು

(ಮೈಸೂರು ಕುವೆಂಪುನಗರದ ಒಂದು ಸಣ್ಣ ಹಾಲ್‌ನಲ್ಲಿ ಭಾನುವಾರ ಬೆಳಗ್ಗೆ ಆಡಿದ ಮಾತಿದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ, ಭಾಷೆ ತಿದ್ದೋಕೆ ಹೋಗಿಲ್ಲ. ಮಧ್ಯೆ ಮಧ್ಯೆ ಜನ ಕೇಳಿದ ಪ್ರಶ್ನೆಗಳನ್ನೂ ಅಲ್ಲಲ್ಲೇ ಬಿಟ್ಟಿದೀನಿ. ಪ್ರೊಜೆಕ್ಟರ್‌ನಲ್ಲಿ ತೋರ್ಸಿದ್ದನ್ನ ಮಾತ್ರ ಮಾತಲ್ಲಿ ಬಿಡಿಸಿ ಬರೆದಿದೀನಿ.)

ಎಲ್ರಿಗೂ ನಮಸ್ಕಾರ. ಬಾಗ್ಲ ಹತ್ರ ನಿಂತಿರೋರು ಮುಂದೆ ಬನ್ನಿ, ಕುರ್ಚಿ ಖಾಲಿ ಇದಾವೆ, ಯಾರೂ ಪ್ರಶ್ನೆ ಕೇಳಲ್ಲ ನಿಮ್ಮನ್ನ.

ಬ್ಯಾಟಲ್ ಫಾರ್ ವೆಸ್ನಾತ್ ಅಂತ ಒಂದು ಕಂಪ್ಯೂಟರ್ ಗೇಮು, ಸರದಿ ಪ್ರಕಾರ ಸೈನ್ಯ ನಡೆಸಿ ಯುದ್ಧ ಮಾಡೋದು. ಯಾರ್ಯಾರು ಆಡಿದೀರಾ ಕೈ ಎತ್ತಿ ನೋಡಣ. ನಾಲ್ಕೈದು ಕೈ, ಅಷ್ಟೇ. ಹೆಸರು ಕೇಳಿರೋರು? ಹಾ, ಸ್ವಲ್ಪ ಜಾಸ್ತಿ, ಅದ್ರಲ್ಲೂ ಲಿನಕ್ಸ್ ಹಾಕ್ಕೊಂಡಿರೋರೇ ಜಾಸ್ತಿ ಅನ್ಸತ್ತೆ, ಯಾಕಂದ್ರೆ ಲಿನಕ್ಸ್‌ನಲ್ಲಿ ಗೇಮ್ ಅಂತ ಹುಡುಕಿದ ತಕ್ಷಣ ಮೊದಲ ನಾಲ್ಕರಲ್ಲಿ ಇದು ಬಂದೇ ಬರತ್ತೆ, ಎಲ್ರೂ ಇನ್‌ಸ್ಟಾಲ್ ಮಾಡ್ತಾರೆ, ಹತ್ತು ನಿಮಿಷ ನೋಡ್ತಾರೆ, ಬಿಟ್ಟಾಕ್ತಾರೆ. ಇವತ್ತು ನಾನು ಮಾತಾಡ್ಬೇಕು ಅಂದ್ಕೊಂಡಿರೋದು ಆ ಹನ್ನೊಂದನೇ ನಿಮಿಷದಿಂದಾಚೆ ಏನಿದೆ ಅನ್ನೋದರ ಬಗ್ಗೆ.

ಇತಿಹಾಸ ಬೇಗ ಮುಗಿಸ್ಬಿಡ್ತೀನಿ. ಡೇವಿಡ್ ವೈಟ್ ಅನ್ನೋರು 2003ರಲ್ಲಿ ಇದರ ಮೊದಲ ರೂಪ ಬಿಟ್ರು. ಸೆಗಾ ಜೆನೆಸಿಸ್ ಕಾಲದ ಮಾಸ್ಟರ್ ಆಫ್ ಮಾನ್ಸ್ಟರ್ಸ್, ವಾರ್‌ಸಾಂಗ್ ಅಂತ ಎರಡು ಗೇಮು ಅವರಿಗೆ ಸ್ಫೂರ್ತಿ. 1.0 ಬಂದಿದ್ದು 2005ರಲ್ಲಿ, ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಗೆ ಬಂದಿದ್ದು 2018ರಲ್ಲಿ, 1.18 ಅನ್ನೋ ವರ್ಷನ್ 2024ರಲ್ಲಿ. ಕೋಡ್ ಪೂರ್ತಿ ಜಿಪಿಎಲ್ ಲೈಸೆನ್ಸ್, ಯಾರು ಬೇಕಾದ್ರೂ ತೆಗೆದು ನೋಡ್ಬೋದು. ಚಿತ್ರ ಬರೆಯೋರು, ಮ್ಯೂಸಿಕ್ ಮಾಡೋರು, ಕಥೆ ಬರೆಯೋರು ಬಹುತೇಕ ಎಲ್ಲ ತಮ್ಮ ಬಿಡುವಲ್ಲಿ ಪುಕ್ಕಟೆ ಕೆಲ್ಸ ಮಾಡಿರೋರು. ಇಷ್ಟು ವರ್ಷ ಆದ್ಮೇಲೂ ನಿಂತಿಲ್ಲ, ಅದೇ ಒಂದು ಆಶ್ಚರ್ಯ.

ಪುಕ್ಕಟೆ ಅನ್ನೋದೇ ಇದಕ್ಕೆ ಶತ್ರು ಅಂತ ನನಗೆ ಅನ್ಸತ್ತೆ. ಎರಡು ಸಾವಿರ ಕೊಟ್ಟು ತಗೊಂಡ ಗೇಮ್ ಬೋರ್ ಹೊಡೆದ್ರೂ ದುಡ್ಡು ಕೊಟ್ಟಿದೀನಲ್ಲಪ್ಪಾ ಅಂತ ಇನ್ನೊಂದು ಗಂಟೆ ಆಡ್ತೀವಿ, ಬಿಟ್ಟಿ ಸಿಕ್ಕಿದ್ದಕ್ಕೆ ಆ ತಾಳ್ಮೆ ಇರಲ್ಲ. ಮೇಲ್ಗಡೆಯಿಂದ ನೋಡಿದ್ರೆ ಹಳೇ ಕಾಲದ ಚಿತ್ರ, ಆರು ಮೂಲೆ ಮನೆಗಳ ಮ್ಯಾಪು, ಎಲ್ಫು, ಆರ್ಕು, ಕುಳ್ಳ ಡ್ವಾರ್ಫು, ಎದ್ದು ಬಂದ ಅಸ್ಥಿಪಂಜರ, ಇದೆಲ್ಲ ಎಲ್ಲೋ ನೋಡಿದೀವಲ್ಲ ಅನ್ಸತ್ತೆ. ನಿಜ, ನೋಡಿದೀವಿ. ಕಥೆಲಿ ಹೊಸದೇನೂ ಹುಡುಕ್ಬೇಡಿ. ಆಟದ ಒಳಗೆ ಇರೋ ಗಡಿಯಾರನ ನೋಡಿ.

ಗಡಿಯಾರ ಅಂದ್ನಲ್ಲ, ಅದೇ ವಿಷ್ಯ. ವೆಸ್ನಾತ್‌ನಲ್ಲಿ ಒಂದು ದಿನ ಅಂದ್ರೆ ಆರು ಟರ್ನ್, ಆರು ಸರದಿ: ಮುಂಜಾವು, ಬೆಳಗ್ಗೆ, ಮಧ್ಯಾಹ್ನ, ಮುಸ್ಸಂಜೆ, ರಾತ್ರಿಯ ಮೊದಲ ಜಾವ, ಎರಡನೇ ಜಾವ. ಆಮೇಲೆ ಮತ್ತೆ ಮುಂಜಾವು. ಕೆಲವು ಸೈನಿಕರು ಹಗಲಿನವರು, ಅವರಿಗೆ ಲಾಫುಲ್ ಅಂತಾರೆ, ಹಗಲಲ್ಲಿ ಅವರ ಏಟಿಗೆ ನೂರಕ್ಕೆ 25 ಜಾಸ್ತಿ, ರಾತ್ರಿ 25 ಕಮ್ಮಿ. ಕೇಯಾಟಿಕ್ ಅನ್ನೋರು ಇದಕ್ಕೆ ಉಲ್ಟಾ, ರಾತ್ರಿ ರಾಜರು. ಎಲ್ಫು, ಡ್ವಾರ್ಫು ಹೆಚ್ಚಾಗಿ ನ್ಯೂಟ್ರಲ್, ಅವರಿಗೆ ಹಗಲೂ ಒಂದೇ ರಾತ್ರಿನೂ ಒಂದೇ.

25 ಪರ್ಸೆಂಟ್ ತಾನೇ ಏನ್ ಮಹಾ ಅನ್ಸತ್ತೆ. ಲೆಕ್ಕ ಹಾಕಣ ಬನ್ನಿ. ಈ ಕಡೆ ಒಬ್ಬ ಸ್ಪಿಯರ್‌ಮನ್, ಈಟಿಯವನು, ಹಗಲಿನವನು, 14 ಚಿನ್ನ ಕೊಟ್ಟು ಸೇರ್ಸ್ಕೊಂಡಿರೋದು. ಒಂದು ಸಲ ಮೇಲೆ ಬಿದ್ರೆ ಮೂರು ಏಟು, ಏಟಿಗೆ ಎದುರಿನವನ 7 ಜೀವ ಹೋಗತ್ತೆ. ಆ ಕಡೆ ಆರ್ಕ್ ಗ್ರಂಟ್, ರಾತ್ರಿಯವನು, 12 ಚಿನ್ನದವನು, ಎರಡೇ ಏಟು ಆದ್ರೆ ಏಟಿಗೆ 9. ಹಗಲಲ್ಲಿ ನಮ್ಮೋನ 7 ಹೋಗಿ 9 ಆಗತ್ತೆ, ಮೂರೂ ಬಿದ್ರೆ 27. ಗ್ರಂಟ್‌ನ 9 ಇಳಿದು 7, ಎರಡೂ ಬಿದ್ರೆ 14. ಅಂದ್ರೆ ಹಗಲಲ್ಲಿ ಹತ್ರತ್ರ ಎರಡರಷ್ಟು ನಮ್ಮ ಕೈ ಮೇಲು. ಈಗ ಸೂರ್ಯ ಮುಳುಗ್ಲಿ. ನಮ್ಮೋನ ಏಟು 5, ಮೂರೂ ಬಿದ್ರೆ 15. ಗ್ರಂಟ್‌ನದು 11, ಎರಡು ಬಿದ್ರೆ 22. ಅದೇ ಇಬ್ರು, ಅದೇ ಜಾಗ, ಮಧ್ಯಾಹ್ನ ಬಿಟ್ಟು ಎರಡೇ ಟರ್ನ್ ಆಗಿರೋದು, ಬೇಟೆಗಾರ ಯಾರು ಬೇಟೆ ಯಾರು ಅನ್ನೋದೇ ಬದ್ಲಾಗೋಯ್ತು. (ವರ್ಷನ್ ಬದ್ಲಾದಾಗ ಈ ನಂಬರ್ ಒಂದೆರಡು ಆಚೆ ಈಚೆ ಮಾಡ್ತಿರ್ತಾರೆ, ಅದಕ್ಕೆಲ್ಲ ಜಗಳ ಆಡ್ಬೇಡಿ.)

ಹಂಗಾದ್ರೆ ಕತ್ಲಾದಾಗ ಏನ್ ಮಾಡ್ಬೇಕು? ಹಿಂದಕ್ಕೆ ಬರ್ಬೇಕು.

ನಾನು ಈ ಗೇಮನ್ನ ಇಷ್ಟು ಹೊಗಳೋದು ಇದೊಂದು ಕಾರಣಕ್ಕೆ. ಬೇರೆ ಸ್ಟ್ರ್ಯಾಟಜಿ ಗೇಮ್‌ಗಳಲ್ಲಿ ಹಿಂದೆ ಸರಿಯೋದು ಅಂದ್ರೆ ಸೋಲು ಶುರುವಾಯ್ತು ಅಂತ ಅರ್ಥ, ಇಲ್ಲ ಅಂದ್ರೆ ಆ ಬಟನ್ ಇದೆ ಅಷ್ಟೇ, ಯಾರೂ ಒತ್ತಲ್ಲ. ಇಲ್ಲಿ ಅದು ಅರ್ಧ ಆಟ. ಇದರ ಎಲ್ರಿಗೂ ಗೊತ್ತಿರೋ ಕಥೆ ಹೇರ್ ಟು ದಿ ಥ್ರೋನ್, ಅದರ ಮೊದಲ ಅಧ್ಯಾಯ ತೆಗೀರಿ: ಕಾನ್ರಾಡ್ ಅನ್ನೋ ಹುಡುಗ, ಡೆಲ್ಫಡಾರ್ ಅನ್ನೋ ಮುದುಕ ಮಂತ್ರವಾದಿ, ಎಲ್ಫುಗಳ ಕಾಡನ್ನ ಸುತ್ತಲಿಂದ ಆರ್ಕ್‌ಗಳು ಮುತ್ತಿದಾರೆ, ನಿಮಗೆ ಕೊಟ್ಟಿರೋ ಗುರಿ ಹುಡುಗನ್ನ ಮ್ಯಾಪಿನ ವಾಯವ್ಯ ಮೂಲೆ ಕೈಕಂಬದ ಹತ್ರ ಸೇರ್ಸಿ ಅಂತ. ಓಡಿ ಹೋಗಿ ಅಂತ! ಮೊದಲ ಲೆವೆಲ್ಲೇ! ಹೊಸಬರು ನಾನೇನ್ ಓಡೋಗೋನಾ ಅಂತ ನಿಂತು ಹೊಡೆದಾಡ್ತಾರೆ, ಸಾಯ್ತಾರೆ, ಗೇಮ್ ಡಿಲೀಟ್ ಮಾಡ್ತಾರೆ.

ಈ ಹಿಂದೆ ಸರಿಯೋದರಲ್ಲೂ ಒಂದು ಕಸುಬಿದೆ. ಮುಸ್ಸಂಜೆ ಟರ್ನ್ ಬಂತು ಅಂದ ಕೂಡ್ಲೇ ಶುರು ಮಾಡ್ಬೇಕು, ಇನ್ನೊಂದು ಏಟು ಹೊಡ್ಕೊಂಡು ಬರ್ತೀನಿ ಅಂತ ಕೂತ್ರೆ ಮೊದಲ ಜಾವದಲ್ಲಿ ಸಿಕ್ಕಾಕ್ಕೊಂಡ್ರಿ. ಏಟು ತಿಂದಿರೋರನ್ನ ಹಳ್ಳಿಗಳಿಗೆ ಕಳ್ಸಿ, ಹಳ್ಳಿಲಿ ಕೂತ್ರೆ ಟರ್ನ್‌ಗೆ 8 ಜೀವ ವಾಪಸ್ ಬರತ್ತೆ, ಗಾಯ ವಾಸಿ ಮಾಡೋ ಮಂತ್ರವಾದಿ ವೈಟ್ ಮೇಜ್ ಪಕ್ಕ ನಿಂತ್ರೂ 8, ಎಲ್ಫ್ ಶಾಮನ್ ಪಕ್ಕ ನಿಂತ್ರೆ 4. ಆದ್ರೆ ತುಂಬ ದೂರ ಓಡ್ಬಾರ್ದು. ಶತ್ರು ಮಾಮೂಲಿ ನಡಿಗೆಲಿ ಬಂದ್ರೆ ಮುಟ್ಟೋಕೆ ಸ್ವಲ್ಪದರಲ್ಲೇ ತಪ್ಪೋ ಅಷ್ಟು ದೂರ, ಅಷ್ಟೇ. ಯಾಕೆ ಅಂದ್ರೆ ಅವನು ಅಟ್ಟಿಸ್ಕೊಂಡು ಬರ್ಬೇಕು. ಕಂಪ್ಯೂಟರ್ ಆಡೋ ಸೈನ್ಯಕ್ಕೆ ಮುಂದಕ್ಕೆ ನುಗ್ಗೋ ಚಟ ಜಾಸ್ತಿ. ಅವನ ತೋಳದ ಮೇಲೆ ಕೂತ ಸವಾರ ಟರ್ನ್‌ಗೆ 8 ಮನೆ ಓಡ್ತಾನೆ, ಗ್ರಂಟ್ 5, ಟ್ರೋಲ್ ಮರಿ 4. ಅಂದ್ರೆ ರಾತ್ರಿಯೆಲ್ಲ ನಿಮ್ಮ ಹಿಂದೆ ಓಡಿ ಓಡಿ ಅವನ ಸೈನ್ಯ ಹಗ್ಗದ ಥರ ಉದ್ದಕ್ಕೆ ಎಳ್ಕೊಂಡ್ಬಿಟ್ಟಿರತ್ತೆ, ತೋಳದ ಸವಾರ ಮೊದ್ಲೇ ಬಂದು ಒಬ್ಬನೇ ಸಿಕ್ಕಿ ಸಾಯ್ತಾನೆ, ಹಿಂದೆ ಗ್ರಂಟ್‌ಗಳು ಒಬ್ಬೊಬ್ರಾಗಿ, ಅದರ ಹಿಂದೆ ಟ್ರೋಲು ಏದುಸಿರು ಬಿಡ್ತಾ, ಇವರೆಲ್ಲ ನಿಮ್ಮ ಮುಂದೆ ಬಂದು ನಿಲ್ಲೋ ಹೊತ್ತಿಗೆ ಬೆಳಕು ಹರಿದಿರತ್ತೆ.

ಎಲ್ಲಿ ನಿಲ್ತಾರೆ ಅನ್ನೋದು ಎರಡನೇ ಭಾಗ. ವೆಸ್ನಾತ್‌ನಲ್ಲಿ ಏಟು ತಗಲತ್ತಾ ಇಲ್ವಾ ಅನ್ನೋದು ಹೊಡೆಯೋನ ಮೇಲೆ ನಿಂತಿಲ್ಲ, ಮ್ಯಾಜಿಕ್ ಥರ ಒಂದೆರಡು ಬಿಟ್ರೆ. ಏಟು ತಿನ್ನೋನು ಯಾವ ನೆಲದ ಮೇಲೆ ನಿಂತಿದಾನೆ ಅನ್ನೋದ್ರ ಮೇಲೆ ನಿಂತಿದೆ. ಗ್ರಂಟ್ ಬಯಲಲ್ಲಿ ನಿಂತಿದ್ರೆ ನನ್ನ ಈಟಿ ತಗಲೋ ಚಾನ್ಸ್ ನೂರಕ್ಕೆ 60. ಕೋಟೆ ಮನೆಲಿದ್ರೆ 40. ಮೊಣಕಾಲುದ್ದ ನೀರಲ್ಲಿದ್ರೆ 80. ಮೂರು ಏಟೂ ತಗಲೋ ಸಾಧ್ಯತೆ ಈಗ ನೋಡಿ: ಕೋಟೆಲಿ ನೂರಕ್ಕೆ 6.4, ಬಯಲಲ್ಲಿ 21.6, ನೀರಲ್ಲಿ 51.2. ಈಟಿ ಅದೇ. ಆಳೂ ಅವನೇ. ಅದಕ್ಕೇ ಹಿಂದೆ ಸರಿಯೋವಾಗ ಹೊಳೆ ದಾಟಿ ಈಚೆ ದಡದಲ್ಲಿ ನಿಲ್ಬೇಕು, ಬೆಳಗ್ಗೆ ಅವನು ನೀರಲ್ಲಿ ನಿಂತಿರ್ಬೇಕು. ಇದು ಒಂದು ಸಲ ಸರಿಯಾಗಿ ಕೂಡಿಬಂತು ಅಂದ್ರೆ ಆಮೇಲೆ ನಿಮ್ಮನ್ನ ಈ ಗೇಮಿಂದ ಬಿಡ್ಸೋಕಾಗಲ್ಲ, ನಿಮ್ಮ ಮನೆಯೋರು ನನಗೆ ಬೈಬೇಕಷ್ಟೇ.

ಮುಂದಿನ ಸಾಲಲ್ಲಿ ಕೂತಿದ್ದ ಹುಡುಗಿ ಕೇಳಿದ್ರು: "ಸಾರ್, ದಡ ಉದ್ದಕ್ಕೆ ಇರತ್ತೆ, ನಮ್ಮತ್ರ ಆರೇಳು ಜನ ಇರ್ತಾರೆ, ಸಂದಿಲಿ ನುಗ್ಬಿಡಲ್ವಾ?"

ಒಳ್ಳೇ ಪ್ರಶ್ನೆ. ಪ್ರತಿ ಯೂನಿಟ್ ಸುತ್ತಲಿನ ಆರು ಮನೆ ಅದರ ಹಿಡಿತದಲ್ಲಿರತ್ತೆ, ಝೋನ್ ಆಫ್ ಕಂಟ್ರೋಲ್ ಅಂತಾರೆ. ಶತ್ರು ಅದರೊಳಗೆ ಕಾಲಿಟ್ರೆ ಅವನ ನಡಿಗೆ ಅಲ್ಲೇ ಮುಗೀತು, ಆ ಟರ್ನ್‌ನಲ್ಲಿ ಮುಂದಕ್ಕೆ ಹೋಗಂಗಿಲ್ಲ. ಹಾಗಾಗಿ ಇಬ್ಬರ ಮಧ್ಯೆ ಎರಡು ಮನೆ ಖಾಲಿ ಬಿಟ್ರೂ ಯಾರೂ ಒಂದೇ ಸಲಕ್ಕೆ ಒಳಗೆ ನುಸುಳೋಕಾಗಲ್ಲ. ಆರು ಜನ ಇದ್ರೆ ಸುಮಾರು ದೊಡ್ಡ ದಡಾನೇ ಕಾಯ್ಬೋದು. ಸ್ಕರ್ಮಿಶರ್ ಅನ್ನೋ ಗುಣ ಇರೋರು ಮಾತ್ರ ಇದಕ್ಕೆ ಕ್ಯಾರೇ ಅನ್ನಲ್ಲ, ನುಗ್ತಾರೆ. ಲೆವೆಲ್, ಅಂದ್ರೆ ಸೈನಿಕನ ಮಟ್ಟ, ಸೊನ್ನೆ ಇರೋ ಬಾವಲಿ, ನಡೆಯೋ ಹೆಣ, ಇವಕ್ಕೆ ಹಿಡಿತಾನೇ ಇಲ್ಲ, ಅವನ್ನ ಗೋಡೆ ಅಂತ ನಿಲ್ಸಿದ್ರೆ ಗೋಡೆಲಿ ಬಾಗ್ಲು ತೆಗೆದಿಟ್ಟಂಗೆ. ಆದ್ರೆ ಖಾಲಿ ಬಿಟ್ಟಷ್ಟೂ ಒಬ್ಬೊಬ್ಬನ ಮೇಲೆ ಬೀಳೋರು ಜಾಸ್ತಿ ಆಗ್ತಾರೆ, ಸಾಲು ಒತ್ತಾಗಿ ನೆಟ್ಟಗೆ ನಿಂತ್ರೆ ಒಬ್ಬನ ಮೇಲೆ ಎದುರಿಂದ ಇಬ್ಬರೇ ಬೀಳೋಕಾಗೋದು. ಅದನ್ನ ನೀವು ಮ್ಯಾಪ್ ನೋಡ್ಕೊಂಡು ತೂಗಿಸ್ಕೋಬೇಕು, ಅದಕ್ಕೆ ಫಾರ್ಮುಲಾ ಇಲ್ಲ.

ನಮ್ಮೂರ ಕಡೆದೇ ಒಂದು ವಿಷ್ಯ ಇಲ್ಲಿ ಹೇಳ್ಬೇಕು. ನಾನು ಮಂಡ್ಯ ಕಡೆಯೋನು, ಅರಕೆರೆ ಅಂದ್ರೆ ನಿಮಗೆ ಗೊತ್ತಲ್ಲ, ಶ್ರೀರಂಗಪಟ್ಟಣ ತಾಲ್ಲೂಕು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಸೈನ್ಯ ಅಲ್ಲಿ ಟಿಪ್ಪು ಸೈನ್ಯದ ಜೊತೆ ಕಾದಾಡಿ ಮೇಲುಗೈ ಮಾಡ್ಕೊಂಡು ರಾಜಧಾನಿ ಬಾಗ್ಲಿಗೇ ಬಂದಿತ್ತು. ಆದ್ರೆ ಮಳೆ ಹಿಡ್ಕೊಳ್ತು, ತಿನ್ನೋಕೆ ದಾಸ್ತಾನಿಲ್ಲ, ಎಳೆಯೋ ಎತ್ತುಗಳು ಸಾಯ್ತಾ ಬಂದ್ವು. ಆತ ತನ್ನ ದೊಡ್ಡ ಫಿರಂಗಿಗಳನ್ನ ತಾನೇ ಹಾಳುಮಾಡಿ ಬೆಂಗಳೂರು ಕಡೆ ತಿರುಗ್ಕೊಂಡ. ಅವತ್ತು ನೋಡಿದೋರು ಇವನ ಕಥೆ ಮುಗೀತು ಅಂದ್ಕೊಂಡಿರ್ತಾರೆ. 1792ರ ಫೆಬ್ರವರಿಲಿ, ಒಣ ಕಾಲದಲ್ಲಿ, ದಾಸ್ತಾನು ಕಟ್ಕೊಂಡು ವಾಪಸ್ ಬಂದ, ಮಾರ್ಚ್‌ನಲ್ಲಿ ಒಪ್ಪಂದ ಆಯ್ತು, ಮೈಸೂರಿನ ಅರ್ಧ ರಾಜ್ಯ ಕೈ ಬಿಡ್ತು. ಆಮೇಲೆ 1799ರ ಮೇ 4, ಕೊನೇ ದಾಳಿ, ಅದು ನಡೆದಿದ್ದು ನಡು ಮಧ್ಯಾಹ್ನ, ಕಾವೇರಿಲಿ ಮಳೆ ನೀರು ಬರೋಕೆ ಮುಂಚೆ, ಕಲ್ಲು ಬಂಡೆ ಕಾಣೋ ಹೊತ್ತಲ್ಲಿ ಬ್ರಿಟಿಷರು ಹೊಳೆ ದಾಟಿ ಬಂದ್ರು. ಇನ್ನೊಂದಷ್ಟು ವಾರ ಕೋಟೆ ತಡ್ಕೊಂಡಿದ್ರೆ ಹೊಳೆ ತುಂಬಿರೋದು. ಕಾಲ, ನೆಲ, ನೀರು. ನಮಗಿದು ನೋವಿನ ಕಥೆನೇ, ಆದ್ರೂ ಈ ಮೂರನ್ನ ತಲೇಲಿಟ್ಕೊಂಡು ಓದಿದ್ರೆ ಬರೀ ಶೌರ್ಯ ದ್ರೋಹ ಅಂತ ಓದೋದಕ್ಕಿಂತ ಬೇರೆ ಥರ ಕಾಣ್ಸತ್ತೆ. (ಅಂದ್ಹಾಗೆ 1792ರಲ್ಲಿ ಕಾರ್ನ್‌ವಾಲಿಸ್ ದಾಳಿ ಮಾಡಿದ್ದು ರಾತ್ರಿ ಹೊತ್ತು. ಹಗಲಿನ ಸೈನ್ಯ ರಾತ್ರಿ ಹೋಗ್ಬಾರ್ದು ಅನ್ನೋ ವೆಸ್ನಾತ್ ರೂಲು ಅವನಿಗೆ ಯಾರೂ ಹೇಳಿರ್ಲಿಲ್ಲ.)

ಇಲ್ಲಿ ಒಬ್ರು ಹಿರಿಯರು ಎದ್ದು ನಿಂತು ಕೇಳಿದ್ರು: "ಅಲ್ಲಪ್ಪಾ, ಇಷ್ಟೆಲ್ಲ ಹೇಳ್ತಿದೀಯ, ಕೊನೆಗೆ ನೂರಕ್ಕೆ ಇಷ್ಟು ಅಂತ ಅದೃಷ್ಟದ ಮೇಲೇ ಬಿಡ್ತಲ್ಲ. ನಾವು ಆಡ್ತಿದ್ದ ಚೌಕಾಬಾರಕ್ಕೂ ಇದಕ್ಕೂ ಏನ್ ವ್ಯತ್ಯಾಸ?"

ಸಾರ್, ವ್ಯತ್ಯಾಸ ಯಾವ್ದು ಮೊದ್ಲು ಅನ್ನೋದರಲ್ಲಿದೆ. ಚೌಕಾಬಾರದಲ್ಲಿ ಕವಡೆ ಮೊದ್ಲು ಬೀಳತ್ತೆ, ಬಿದ್ದಿದ್ದನ್ನ ನೋಡ್ಕೊಂಡು ಯಾವ ಕಾಯಿ ನಡೆಸ್ಲಿ ಅಂತ ಯೋಚ್ನೆ ಮಾಡ್ತೀರಿ. ವೆಸ್ನಾತ್‌ನಲ್ಲಿ ಕಾಯಿ ಮೊದ್ಲು ನಡೆಸಿ ಆಮೇಲೆ ಕವಡೆ ಬೀಳತ್ತೆ. ಹಾಗಾಗಿ ಕೆಟ್ಟದಾಗಿ ಬಿದ್ರೂ ನಾನು ಬದುಕಿರ್ತೀನಾ ಅಂತ ಮುಂಚೆನೇ ಕೇಳ್ಕೋಬೇಕು. ಮಂತ್ರವಾದಿ, ಮೇಜ್, ಅವನ ಬೆಂಕಿ ಶತ್ರು ಎಲ್ಲಿದ್ರೂ ನೂರಕ್ಕೆ 70 ತಗಲತ್ತೆ, ಮೂರು ಏಟು. ಕನಿಷ್ಠ ಎರಡು ತಗಲೋದು ನೂರಕ್ಕೆ 78ರ ಹತ್ರ. ಹೊಸಬ ಆ 78 ನೋಡಿ ಮೇಜ್‌ನ ಮುಂದಕ್ಕೆ ಕಳಿಸ್ತಾನೆ. ಅನುಭವ ಇರೋನು ಉಳಿದ 22 ನೋಡ್ತಾನೆ: ತಗಲ್ಲಿಲ್ಲ ಅಂದ್ರೆ 24 ಜೀವದ ಈ ಬಡಪಾಯಿ ಬಯಲಲ್ಲಿ ನಿಂತಿರ್ತಾನೆ, ನಾಳೆ ಬೆಳಗ್ಗೆವರೆಗೆ ಇರ್ತಾನಾ ಅಂತ.

ಅದಕ್ಕೇ ಏಟುಗಳ ಸರದಿ ಮುಖ್ಯ. ಒಂದು ಟರ್ನ್‌ನಲ್ಲಿ ಐದು ಜನ ಹೊಡೆಯೋದಿದ್ರೆ ಯಾರು ಮೊದ್ಲು? ಯಾರ ಫಲಿತಾಂಶದ ಮೇಲೆ ಬೇರೆಯವರ ಕೆಲ್ಸ ನಿಂತಿದ್ಯೋ ಅವರು. ಅವರ ಏಟು ಬಿತ್ತು ಅಂದ್ರೆ ಒಂದು ಪ್ಲಾನು, ಬೀಳ್ಲಿಲ್ಲ ಅಂದ್ರೆ ಇನ್ನೂ ಜಾಗ ಬಿಡದೇ ಇರೋ ನಾಲ್ಕು ಜನ ಕೈಲಿದಾರೆ, ಹಿಂದಕ್ಕೆ ಬರ್ಬೋದು. ಎಲ್ರನ್ನೂ ಮೊದ್ಲೇ ನಡೆಸಿ ಆಮೇಲೆ ಹೊಡ್ಯೋಕೆ ಕೂತೋನು ಅದೃಷ್ಟನ ಬೈಕೊಂಡು ಕೂತಿರ್ತಾನೆ. ಬೈಯೋಕೂ ಗೇಮ್ ಜಾಗ ಕೊಟ್ಟಿದೆ, ಸ್ಟ್ಯಾಟಿಸ್ಟಿಕ್ಸ್ ಅಂತ ಒಂದು ಪಟ್ಟಿ ಇದೆ, ಲೆಕ್ಕದ ಪ್ರಕಾರ ಎಷ್ಟು ಏಟು ಬೀಳ್ಬೇಕಿತ್ತು ಎಷ್ಟು ಬಿತ್ತು ಅಂತ ತೋರ್ಸತ್ತೆ. ನನಗೆ ಬ್ಯಾಡ್ ಲಕ್ಕು ಅಂತ ಕೂಗಾಡೋ ಫ್ರೆಂಡ್ಸ್‌ಗೆ ಅದನ್ನ ತೆಗೆದು ತೋರ್ಸಿ. ಬಹಳ ಸಲ ಲಕ್ಕು ಚೆನ್ನಾಗೇ ಇರತ್ತೆ.

ಆಗ ಒಬ್ಬ ಹುಡುಗ, "ಅಣ್ಣಾ, ಸೇವ್ ಮಾಡಿ ಮತ್ತೆ ಲೋಡ್ ಮಾಡಿದ್ರೆ?"

ಮಾಡಪ್ಪಾ, ಪೊಲೀಸ್ ಬರಲ್ಲ. ಆದ್ರೆ ಪ್ರತಿ ಏಟಿಗೂ ಲೋಡ್ ಮಾಡ್ತಾ ಕೂತ್ರೆ ಹಿಂದೆ ಸರಿಯೋ ಅಗತ್ಯಾನೇ ಬರಲ್ಲ, ಹಿಂದೆ ಸರಿಯೋದು ಹೋಯ್ತು ಅಂದ್ರೆ ಗಡಿಯಾರ ಹೋಯ್ತು, ಗಡಿಯಾರ ಹೋದ್ರೆ ಉಳಿಯೋದು ನಾನಾಗ್ಲೇ ಹೇಳಿದ ಆ ಹಳೇ ಚಿತ್ರಗಳು ಮಾತ್ರ. ಅಧ್ಯಾಯದ ಶುರುವಿಂದ ಮತ್ತೆ ಆಡು, ಅದು ಚೆಂದ. ಆಡಿದ್ದನ್ನ ರೀಪ್ಲೇ ಹಾಕಿ ನೋಡೋಕೂ ಆಗತ್ತೆ, ಎಲ್ಲಿ ಕೆಟ್ಟಿತು ಅಂತ ಗೊತ್ತಾಗತ್ತೆ.

ಕೊರತೆನೂ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮಾರಾಟಕ್ಕೆ ಬಂದೋನ ಥರ ಆಗತ್ತೆ. ಕ್ಯಾಂಪೇನ್‌ಗಳು, ಅಂದ್ರೆ ಅಧ್ಯಾಯ ಅಧ್ಯಾಯವಾಗಿ ಆಡೋ ಕಥೆಗಳು, ಬೇರೆ ಬೇರೆ ಜನ ಬರೆದಿರೋದ್ರಿಂದ ಒಂದು ಅದ್ಭುತ, ಇನ್ನೊಂದು ಸಪ್ಪೆ. ಒಂದು ಅಧ್ಯಾಯದಲ್ಲಿ ಉಳಿಸಿದ ಚಿನ್ನದಲ್ಲಿ ಸಾಮಾನ್ಯವಾಗಿ ನೂರಕ್ಕೆ 40 ಮಾತ್ರ ಮುಂದಿನದಕ್ಕೆ ಬರತ್ತೆ, ಬೇಗ ಮುಗ್ಸಿದ್ರೆ ಬೋನಸ್. ಒಂದು ಅಧ್ಯಾಯನ ಹೆಂಗೋ ಒದ್ದಾಡಿ ಗೆದ್ದೋನು ಮುಂದಿನದಕ್ಕೆ ಜೇಬು ಖಾಲಿ ಮಾಡ್ಕೊಂಡು ಹೋಗ್ತಾನೆ, ಅಲ್ಲಿ ಸಾಯ್ತಾನೆ, ಸಾವಿಗೆ ಕಾರಣ ಹಿಂದಿನ ಅಧ್ಯಾಯದಲ್ಲಿದೆ ಅಂತ ಅವನಿಗೆ ಗೊತ್ತೇ ಆಗಲ್ಲ. ಇದು ನನಗೆ ಇವತ್ತಿಗೂ ಇಷ್ಟ ಇಲ್ಲ. ಹಳೇ ಸೈನಿಕರನ್ನ ವಾಪಸ್ ಕರೆಯೋಕೆ ತಲೆಗೆ 20 ಚಿನ್ನ ಬೇರೆ. ಅದು ಮಾತ್ರ ಸರಿ ಅನ್ಸತ್ತೆ, ಯಾಕಂದ್ರೆ ಲೆವೆಲ್ ಏರಿರೋ ಹಳಬನ್ನ ಸಾಯೋಕೆ ಬಿಡೋಕೆ ಮನಸ್ಸೇ ಬರಲ್ಲ. ಒಬ್ಬೊಬ್ಬನಿಗೂ ಒಂದು ಹೆಸರು, ಒಂದೆರಡು ಗುಣ ಇರತ್ತೆ, ಒಬ್ಬ ಗಟ್ಟಿ, ಒಬ್ಬ ಚುರುಕು, ಒಬ್ಬ ಬುದ್ಧಿವಂತ. ಸತ್ರೆ ಸತ್ತ, ಮುಂದಿನ ಅಧ್ಯಾಯಕ್ಕೆ ಇಲ್ಲ. ಒಬ್ಬ ಮೇಜ್‌ನ ಸಾಕಿ ಸಲಹಿ ವೈಟ್ ಮೇಜ್ ಮಾಡಿರ್ತೀರಲ್ಲ, ಅವನಿಗೋಸ್ಕರ ಗೆಲ್ಲೋ ಯುದ್ಧಾನೂ ಬಿಟ್ಟು ಹಿಂದಕ್ಕೆ ಬರ್ತೀರಿ ನೋಡಿ, ಆವಾಗ ಆಟ ಕೈಗೆ ಹತ್ತಿದೆ ಅಂತ ಲೆಕ್ಕ.

ಹಾಸ್ಟೆಲ್‌ನಲ್ಲಿರೋರಿಗೆ ಒಂದು ಮಾತು. ಹಾಟ್‌ಸೀಟ್ ಅಂತ ಇದೆ, ಒಂದೇ ಲ್ಯಾಪ್‌ಟಾಪ್‌ನಲ್ಲಿ ಒಬ್ರಾದ್ಮೇಲೆ ಒಬ್ರು ಆಡೋದು, ನೆಟ್ ಬೇಡ, ಗ್ರಾಫಿಕ್ಸ್ ಕಾರ್ಡ್ ಬೇಡ, ಸೀನಿಯರ್ ಬಿಟ್ಟೋದ ಹಳೇ ಲ್ಯಾಪ್‌ಟಾಪ್ ಸಾಕು. ಮನುಷ್ಯರ ಜೊತೆ ಆಡಿದ್ರೆ ನಾನು ಇಷ್ಟೊತ್ತು ಹೇಳಿದ ಅರ್ಧ ಉಪಾಯ ಕೆಲ್ಸ ಮಾಡಲ್ಲ, ಅಟ್ಟಿಸ್ಕೊಂಡು ಬಾ ಅಂದ್ರೆ ಎದುರಿಗಿರೋನು ಬರಲ್ಲ, ಅವನೂ ಸಂಜೆಗೆ ಕಾಯ್ತಾ ಕೂತಿರ್ತಾನೆ. ಹಗಲು ನೀವು ನಾಲ್ಕು ಹೆಜ್ಜೆ ಮುಂದೆ, ರಾತ್ರಿ ಅವನು ನಾಲ್ಕು ಹೆಜ್ಜೆ ಮುಂದೆ, ಆ ಹಗ್ಗಜಗ್ಗಾಟದಲ್ಲಿ ಒಬ್ಬ ಒಂದೇ ಒಂದು ಟರ್ನ್ ಜಾಸ್ತಿ ಆಸೆ ಪಡ್ತಾನಲ್ಲ, ಅವನು ಸೋಲ್ತಾನೆ. ಮ್ಯಾಪ್ ಮಾಡೋ ಎಡಿಟರ್ ಕೂಡ ಒಳಗೇ ಇದೆ, ಕಥೆ ಬರೆಯೋಕೆ ಡಬ್ಲ್ಯುಎಂಎಲ್ ಅಂತ ಸುಲಭದ ಭಾಷೆ, ಎಲ್ಲ ಮಾಮೂಲಿ ಟೆಕ್ಸ್ಟ್ ಫೈಲು. ಶ್ರೀರಂಗಪಟ್ಟಣದ ದ್ವೀಪನ ಯಾರಾದ್ರೂ ಮ್ಯಾಪ್ ಮಾಡ್ರಪ್ಪಾ, ಎರಡು ಕಡೆ ಹೊಳೆ, ಮಧ್ಯೆ ಕೋಟೆ, ಮ್ಯಾಪ್ ತಾನಾಗೇ ಆಗೋಗಿದೆ.

ಕೊನೇ ಪ್ರಶ್ನೆ ಬಾಗ್ಲ ಹತ್ರದಿಂದ ಬಂತು: "ಹೊಸಬ್ರು ಎಲ್ಲಿಂದ ಶುರು ಮಾಡ್ಬೇಕು?"

ಮೊದ್ಲು ಟ್ಯುಟೋರಿಯಲ್ ಆಡಿ, ಸ್ಕಿಪ್ ಮಾಡ್ಬೇಡಿ. ಆಮೇಲೆ ಎ ಟೇಲ್ ಆಫ್ ಟೂ ಬ್ರದರ್ಸ್, ಚಿಕ್ಕ ಕಥೆ, ಅಧ್ಯಾಯಗಳೂ ಕಮ್ಮಿ, ಎರಡು ಮೂರು ಸಂಜೆಲಿ ಮುಗಿಯತ್ತೆ. ಅದರಲ್ಲಿ ನಿಮ್ಮ ಕಡೆ ಇರೋರಲ್ಲಿ ಹಗಲಿನವರೇ ಜಾಸ್ತಿ, ಹಾಗಾಗಿ ಗಡಿಯಾರ ಮೊದಲ ದಿನಾನೇ ಗೊತ್ತಾಗತ್ತೆ. ಕಷ್ಟದ ಮಟ್ಟ ಸುಲಭಕ್ಕೇ ಇಡಿ, ಯಾರೂ ನೋಡ್ತಿರಲ್ಲ. ಎಲ್ಫುಗಳನ್ನ ಮೊದ್ಲೇ ತಗೋಬೇಡಿ, ಅವರು ಆಡೋಕೆ ಸುಲಭ, ಕಾಡಲ್ಲಿ ನಿಂತ್ರೆ ಏಟೇ ತಗಲಲ್ಲ, ಹಗಲು ರಾತ್ರಿ ಗೊಡವೆ ಇಲ್ಲ, ಆಮೇಲೆ ಬೇರೆ ಸೈನ್ಯ ಕೈಗೆ ಕೊಟ್ರೆ ಸಂಜೆ ಆಗಿದ್ದೇ ಗೊತ್ತಾಗಲ್ಲ ನಿಮಗೆ. ಇನ್‌ಸ್ಟಾಲ್ ಮಾಡೋಕೆ ಕಷ್ಟ ಆದೋರು ಇಲ್ಲೇ ಇರಿ, ಪೆನ್‌ಡ್ರೈವ್‌ನಲ್ಲಿ ತಂದಿದೀನಿ.